ಪಕ್ಷ ಯಾವುದೆಂದು ಕೇಳುವ ಅರ್ಜಿ

ಅಮೆರಿಕದ ಪೌರತ್ವ ಪಡೆದ ವಾರದಲ್ಲೇ ನಾನು ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ ತುಂಬಿದೆ. ಪೆನ್ಸಿಲ್ವೇನಿಯಾ ರಾಜ್ಯದ ಆ ಅರ್ಜಿ ಚಿಕ್ಕದು. ಹೆಸರು, ವಿಳಾಸ, ಹುಟ್ಟಿದ ದಿನಾಂಕ, ವಾಹನ ಚಾಲನಾ ಪರವಾನಗಿಯ ಸಂಖ್ಯೆ ಬರೆದು ಕೆಳಗಿಳಿದರೆ ರಾಜಕೀಯ ಪಕ್ಷ ಎಂಬ ಕಾಲಂ ಎದುರಾಗುತ್ತದೆ. ಡೆಮಾಕ್ರಟಿಕ್, ರಿಪಬ್ಲಿಕನ್, ಗ್ರೀನ್, ಲಿಬರ್ಟೇರಿಯನ್, ಯಾವುದೂ ಇಲ್ಲ, ಇತರ ಎಂಬ ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಮತವೆಂಬುದು ಗುಟ್ಟಾಗಿರಬೇಕಾದದ್ದು ಎಂದು ಶಾಲೆಯಲ್ಲಿ ಕಲಿತು ಬೆಳೆದ ನನಗೆ, ಸರಕಾರವೇ ಅಚ್ಚು ಹಾಕಿಸಿದ ಅರ್ಜಿಯೊಂದು ನನ್ನ ಪಕ್ಷ ಯಾವುದೆಂದು ಕೇಳುವುದು ಸರಿಯೆನಿಸಲಿಲ್ಲ. ಯಾವುದೂ ಇಲ್ಲ ಎಂಬ ಚೌಕಕ್ಕೆ ಗುರುತು ಹಾಕಿ, ಯಾವ ಪಕ್ಷದ ಹಂಗೂ ಇಲ್ಲದ ಮತದಾರನಾದೆನೆಂಬ ಸಮಾಧಾನದಿಂದ ಅರ್ಜಿಯನ್ನು ಅಂಚೆಗೆ ಹಾಕಿದೆ.

2022ರ ಮೇ 17ರ ಮಂಗಳವಾರ ನಮ್ಮ ರಾಜ್ಯದಲ್ಲಿ ಪ್ರೈಮರಿ ಚುನಾವಣೆ, ಅಂದರೆ ನವೆಂಬರಿನ ಚುನಾವಣೆಗೆ ಪ್ರತಿ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆ, ನಡೆಯಿತು. ಫಿಲಡೆಲ್ಫಿಯಾದ ಹೊರವಲಯದಲ್ಲಿರುವ ನಮ್ಮ ಊರಿನ ಮತಗಟ್ಟೆ ಮನೆಯಿಂದ ಹತ್ತು ನಿಮಿಷದ ನಡಿಗೆಯಷ್ಟು ದೂರದ ಒಂದು ಚರ್ಚಿನ ಸಭಾಂಗಣದಲ್ಲಿತ್ತು. ಕೆಲಸಕ್ಕೆ ಹೋಗುವ ಮುನ್ನ ಮತ ಹಾಕೋಣವೆಂದು ಬೆಳಿಗ್ಗೆ ಏಳಕ್ಕೇ ಹೋಗಿ ಸಾಲಿನಲ್ಲಿ ನಿಂತೆ. ಮೇಜಿನ ಹಿಂದೆ ಕುಳಿತಿದ್ದ ಹಿರಿಯ ಮಹಿಳೆಯೊಬ್ಬರು ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿ, ಅದರ ಮುಂದಿದ್ದ ಅಕ್ಷರಗಳ ಮೇಲೆ ಬೆರಳಿಟ್ಟು, “ನೀವು ಯಾವ ಪಕ್ಷಕ್ಕೂ ನೋಂದಾಯಿಸಿಕೊಂಡಿಲ್ಲ. ಹಾಗಾಗಿ ಇವತ್ತು ನಿಮಗೆ ಕೊಡಲು ನನ್ನ ಬಳಿ ಮತಪತ್ರವಿಲ್ಲ. ನವೆಂಬರಿನಲ್ಲಿ ತಪ್ಪದೆ ಬನ್ನಿ” ಎಂದು ಬಹಳ ಸೌಜನ್ಯದಿಂದಲೇ ಹೇಳಿದರು. ಅವರ ಎಡಕ್ಕೆ ಡೆಮಾಕ್ರಟಿಕ್ ಮತಪತ್ರಗಳ ಕಟ್ಟು, ಬಲಕ್ಕೆ ರಿಪಬ್ಲಿಕನ್ ಮತಪತ್ರಗಳ ಕಟ್ಟು ಇತ್ತು. ಮೂರನೆಯ ಕಟ್ಟು ಇರಲಿಲ್ಲ.

ಆ ದಿನ ತೀರ್ಮಾನವಾದದ್ದೇನೂ ಸಣ್ಣ ಸಂಗತಿಯಾಗಿರಲಿಲ್ಲ. ಅಮೆರಿಕದ ಸೆನೆಟ್‌ನ ಒಂದು ಸ್ಥಾನಕ್ಕೆ ರಿಪಬ್ಲಿಕನ್ ಅಭ್ಯರ್ಥಿ ಯಾರಾಗಬೇಕೆಂಬ ಸ್ಪರ್ಧೆಯಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು. ಅವುಗಳಲ್ಲಿ ಮೆಹ್ಮೆತ್ ಓಜ್ ಅವರು ಡೇವಿಡ್ ಮೆಕಾರ್ಮಿಕ್ ಅವರಿಗಿಂತ ಪಡೆದ ಮುನ್ನಡೆ ಸಾವಿರ ಮತಗಳನ್ನೂ ಮುಟ್ಟಲಿಲ್ಲ. ಅಂತರ ಶೇಕಡ ಅರ್ಧಕ್ಕಿಂತ ಕಡಿಮೆಯಾದುದರಿಂದ ಕಾನೂನಿನಂತೆ ಮರುಎಣಿಕೆಗೆ ಆದೇಶವಾಯಿತು. ಅದೇ ದಿನ ರಾಜ್ಯಪಾಲರ ಹುದ್ದೆಗೆ ರಿಪಬ್ಲಿಕನ್ ಪಕ್ಷದಿಂದ ಡಗ್ ಮಾಸ್ಟ್ರಿಯಾನೊ ಆಯ್ಕೆಯಾದರು. (ಇಲ್ಲಿ ರಾಜ್ಯಪಾಲರೆಂದರೆ ಜನರೇ ನೇರವಾಗಿ ಆರಿಸುವ, ನಮ್ಮ ಮುಖ್ಯಮಂತ್ರಿಗೆ ಸಮನಾದ ಹುದ್ದೆ ಎಂಬುದನ್ನು ಊರಿನ ಓದುಗರು ಗಮನಿಸಬೇಕು.) ಇವರು ನಿಂತರೆ ನವೆಂಬರಿನಲ್ಲಿ ಸೋಲು ಖಚಿತವೆಂದು ಪಕ್ಷದ ಹಿರಿಯರಿಗೆ ಗೊತ್ತಿತ್ತು. ಕೊನೆಯ ದಿನಗಳಲ್ಲಿ ಉಳಿದ ಅಭ್ಯರ್ಥಿಗಳನ್ನು ಒಬ್ಬರ ಹಿಂದೆ ಒಗ್ಗೂಡಿಸಲು ಅವರು ಯತ್ನಿಸಿದರೂ ಫಲ ಸಿಗಲಿಲ್ಲ. ನವೆಂಬರಿನಲ್ಲಿ ಮಾಸ್ಟ್ರಿಯಾನೊ ಸುಮಾರು ಹದಿನೈದು ಶೇಕಡಾಂಶಗಳ ಅಂತರದಿಂದ ಸೋತರು.

ಕರ್ನಾಟಕದ ಚುನಾವಣೆಗಳನ್ನು ನೋಡುತ್ತ ಬೆಳೆದವರಿಗೆ ಈ ಕೊನೆಯ ಸಂಗತಿ ಅರ್ಥವಾಗುವುದು ಕಷ್ಟ. ನನಗಂತೂ ವರ್ಷಗಳೇ ಬೇಕಾದವು. ಹಿರಿಯರಿಗೆ ಬೇಡವಾದರೆ ಟಿಕೆಟ್ ಕೊಡದಿದ್ದರಾಯಿತಲ್ಲ ಎಂದು ನಮಗೆ ಅನಿಸುತ್ತದೆ. ನಮ್ಮಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ಯಾರೆಂಬುದನ್ನು ನಿರ್ಧರಿಸುವುದು ಬಿ ಫಾರಂ. ಅದರ ಮೇಲೆ ಸಹಿ ಹಾಕುವ ಅಧಿಕಾರ ಪಕ್ಷದ ಕೈಯಲ್ಲಿರುತ್ತದೆ. ಅದಕ್ಕಾಗಿಯೇ ನಾಮಪತ್ರದ ಕೊನೆಯ ದಿನದವರೆಗೂ ಬೆಂಗಳೂರು ಮತ್ತು ದೆಹಲಿಯ ನಡುವೆ ಓಡಾಟ ನಡೆಯುತ್ತದೆ. ಅಮೆರಿಕದಲ್ಲಿ ಬಿ ಫಾರಂ ಕೊಡುವ ಅಧಿಕಾರ ಯಾವ ಪಕ್ಷಾಧ್ಯಕ್ಷರಿಗೂ ಇಲ್ಲ. ನಿಗದಿತ ಸಂಖ್ಯೆಯ ಮತದಾರರಿಂದ ಸಹಿ ಸಂಗ್ರಹಿಸಿಯೋ, ಕೆಲವು ರಾಜ್ಯಗಳಲ್ಲಿ ಶುಲ್ಕ ಕಟ್ಟಿಯೋ, ಅರ್ಹತೆಯುಳ್ಳ ಯಾರು ಬೇಕಾದರೂ ಪಕ್ಷದ ಪ್ರೈಮರಿಯಲ್ಲಿ ನಿಲ್ಲಬಹುದು. ಅದನ್ನು ಸರಕಾರವೇ, ಸಾರ್ವಜನಿಕರ ಹಣದಲ್ಲಿ, ತನ್ನ ಮತಗಟ್ಟೆಗಳಲ್ಲಿ ನಡೆಸುತ್ತದೆ. ಅಲ್ಲಿ ಗೆದ್ದವರಿಗೆ ಪಕ್ಷದ ಹೆಸರು ದಕ್ಕುತ್ತದೆ, ನಾಯಕರಿಗೆ ಇಷ್ಟವಿರಲಿ ಇಲ್ಲದಿರಲಿ. ಪಕ್ಷದ ಸದಸ್ಯತ್ವವೆಂಬುದೂ ಹಾಗೆಯೇ: ಶುಲ್ಕವಿಲ್ಲ, ಪ್ರತಿಜ್ಞೆಯಿಲ್ಲ, ಉಚ್ಚಾಟನೆಯಿಲ್ಲ. ನನ್ನ ಅರ್ಜಿಯಲ್ಲಿದ್ದ ಆ ಚೌಕವೇ ಸದಸ್ಯತ್ವ.

ಇದರ ಇನ್ನೊಂದು ಮುಖವನ್ನು ತೋರಿಸುವ ಉದಾಹರಣೆ ನಮ್ಮ ನಾಡಿನವರಿಂದಲೇ ಸಿಗುತ್ತದೆ. ಬೆಳಗಾವಿಯಲ್ಲಿ ಬೆಳೆದು, ಅಮೆರಿಕದಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ ಪಡೆದು, ಉದ್ಯಮಿಯಾದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ರಾಜ್ಯಪಾಲ ಸ್ಥಾನಕ್ಕೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತು ಮೂರನೆಯವರಾದರು. 2022ರ ಆಗಸ್ಟಿನಲ್ಲಿ ಡೆಟ್ರಾಯಿಟ್ ನಗರದ ದೊಡ್ಡ ಭಾಗವನ್ನೊಳಗೊಂಡ ಕ್ಷೇತ್ರದಿಂದ ಹೌಸ್‌ಗೆ, ಅಂದರೆ ಸಂಸತ್ತಿನ ಕೆಳಮನೆಗೆ, ಪ್ರೈಮರಿ ನಡೆದಾಗ ಅಲ್ಲಿನ ಅನೇಕ ನಾಯಕರು ಬೇರೊಬ್ಬರ ಬೆನ್ನಿಗೆ ನಿಂತಿದ್ದರು. ಥಾಣೇದಾರ್ ತಮ್ಮದೇ ಹಣ ಸುರಿದು ಸ್ಪರ್ಧಿಸಿದರು. ಅಭ್ಯರ್ಥಿಗಳು ಕಿಕ್ಕಿರಿದಿದ್ದ ಆ ಸ್ಪರ್ಧೆಯಲ್ಲಿ ಶೇಕಡ 30ನ್ನೂ ಮುಟ್ಟದ ಮತಗಳೊಡನೆ ಅವರೇ ಗೆದ್ದರು. ಡೆಮಾಕ್ರಟರ ಭದ್ರಕೋಟೆಯಾದ ಆ ಕ್ಷೇತ್ರದಲ್ಲಿ ನವೆಂಬರಿನ ಗೆಲುವು ಸುಲಭವಾಗಿತ್ತು. ವಲಸೆ ಬಂದ ಒಬ್ಬ ಮನುಷ್ಯ ಯಾವ ಹೈಕಮಾಂಡಿನ ಮುಂದೆಯೂ ಕೈಕಟ್ಟಿ ನಿಲ್ಲದೆ ಸಂಸತ್ತು ಸೇರಬಹುದು ಎಂಬುದು ಈ ವ್ಯವಸ್ಥೆಯ ಹಿರಿಮೆ ಎಂದು ನಾನು ಮನಸಾರೆ ನಂಬುತ್ತೇನೆ. ಸ್ವಂತ ಹಣವಿದ್ದವರಿಗೆ, ಮೂರನೇ ಒಂದು ಪಾಲಿಗಿಂತ ಕಡಿಮೆ ಮತಗಳಿಂದ, ಈ ಬಾಗಿಲು ತೆರೆದುಕೊಳ್ಳುತ್ತದೆ ಎಂಬುದೂ ಅಷ್ಟೇ ನಿಜ.

ಈ ದೇಶದ ಸಂವಿಧಾನವನ್ನು ಬರೆದವರಿಗೆ ಪಕ್ಷಗಳು ಬೇಕಾಗಿರಲಿಲ್ಲ. 1787ರ ಆ ದಸ್ತಾವೇಜಿನಲ್ಲಿ ರಾಜಕೀಯ ಪಕ್ಷ ಎಂಬ ಮಾತೇ ಇಲ್ಲ. ಅಧಿಕಾರ ಬಿಡುವ ಮುನ್ನ 1796ರಲ್ಲಿ ಜಾರ್ಜ್ ವಾಷಿಂಗ್ಟನ್ ಪ್ರಕಟಿಸಿದ ವಿದಾಯ ಪತ್ರದಲ್ಲಿ ಪಕ್ಷಭಾವನೆಯ ಕೇಡನ್ನು ಕುರಿತು ದೀರ್ಘವಾದ ಎಚ್ಚರಿಕೆಯಿದೆ. ಆದರೆ ಅವರ ಮಂತ್ರಿಮಂಡಲದಲ್ಲೇ ಇದ್ದ ಹ್ಯಾಮಿಲ್ಟನ್ ಮತ್ತು ಜೆಫರ್ಸನ್ ಅಷ್ಟರೊಳಗೆ ಎರಡು ಬಣಗಳಾಗಿದ್ದರು. 1800ರ ಚುನಾವಣೆಯಲ್ಲಿ ಜೆಫರ್ಸನ್ ಮತ್ತು ಅವರದೇ ಪಕ್ಷದ ಏರನ್ ಬರ್ ಇಬ್ಬರಿಗೂ ತಲಾ 73 ಚುನಾಯಕ ಮತಗಳು (ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯದಿಂದ ಬರುವ ಪ್ರತಿನಿಧಿಗಳ ಮತಗಳು) ಬಂದು, ಅಧ್ಯಕ್ಷರು ಯಾರು ಉಪಾಧ್ಯಕ್ಷರು ಯಾರು ಎಂಬುದೇ ಸಿಕ್ಕಾಯಿತು. ಪಕ್ಷಗಳನ್ನು ಊಹಿಸದೆ ಬರೆದ ಸಂವಿಧಾನಕ್ಕೆ ಪಕ್ಷಗಳಿಂದಾದ ಮೊದಲ ಪೆಟ್ಟು ಅದು. ಹೌಸ್ 36 ಬಾರಿ ಮತ ಹಾಕಿ ಜೆಫರ್ಸನ್ ಅವರನ್ನು ಆರಿಸಿತು; ಎರಡೂ ಹುದ್ದೆಗಳಿಗೆ ಬೇರೆ ಬೇರೆ ಮತ ಹಾಕುವಂತೆ 1804ರಲ್ಲಿ ಹನ್ನೆರಡನೆಯ ತಿದ್ದುಪಡಿ ಬಂತು.

ಪಕ್ಷ ಕಾನೂನಿನೊಳಗೆ ಹೊಕ್ಕದ್ದು ಮಾತ್ರ ಒಂದು ಕಾಗದದ ಚೀಟಿಯ ಮೂಲಕ. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಸರಕಾರ ಮತಪತ್ರ ಅಚ್ಚು ಹಾಕಿಸುತ್ತಿರಲಿಲ್ಲ. ಪ್ರತಿಯೊಂದು ಪಕ್ಷವೂ ತನ್ನ ಅಭ್ಯರ್ಥಿಗಳ ಹೆಸರುಗಳನ್ನಷ್ಟೇ ಸಾಲಾಗಿ ಮುದ್ರಿಸಿ, ಅನೇಕ ಸಲ ಬಣ್ಣದ ಕಾಗದದಲ್ಲಿ, ಮತಗಟ್ಟೆಯ ಹೊರಗೆ ಹಂಚುತ್ತಿತ್ತು. ಆ ಚೀಟಿಗೇ ಟಿಕೆಟ್ ಎಂಬ ಹೆಸರಿತ್ತು. ಅದನ್ನು ಎಲ್ಲರೆದುರು ಹಿಡಿದು ಪೆಟ್ಟಿಗೆಗೆ ಹಾಕಿದರೆ ಮತವಾಯಿತು. ಬಣ್ಣ ನೋಡಿದರೆ ಯಾರ ಮತ ಯಾರಿಗೆಂದು ಕೂಲಿ ಕೊಡುವ ಧಣಿಗೂ ತಿಳಿಯುತ್ತಿತ್ತು, ದುಡ್ಡು ಕೊಟ್ಟು ಮತ ಕೊಂಡವನಿಗೂ ತಿಳಿಯುತ್ತಿತ್ತು. ಈ ಅನ್ಯಾಯಕ್ಕೆ ತಡೆಯಾಗಿ ಆಸ್ಟ್ರೇಲಿಯಾದ ಗುಪ್ತ ಮತಪತ್ರದ ಪದ್ಧತಿಯನ್ನು 1888ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಕಾನೂನಾಗಿಸಿತು, ಕೆಲವೇ ವರ್ಷಗಳಲ್ಲಿ ಹೆಚ್ಚಿನ ರಾಜ್ಯಗಳು ಅದನ್ನು ಅನುಸರಿಸಿದವು. ಎಲ್ಲ ಹೆಸರುಗಳೂ ಇರುವ ಒಂದೇ ಮತಪತ್ರವನ್ನು ಸರಕಾರ ಮುದ್ರಿಸತೊಡಗಿದಾಗ ಹೊಸದೊಂದು ಪ್ರಶ್ನೆ ಎದ್ದಿತು. ಯಾರ ಹೆಸರನ್ನು ಮುದ್ರಿಸಬೇಕು? ಯಾವ ಗುಂಪನ್ನು ಪಕ್ಷವೆನ್ನಬೇಕು? ಒಂದೇ ಪಕ್ಷದ ಹೆಸರು ಹೇಳಿಕೊಂಡು ಇಬ್ಬರು ಬಂದರೆ ಯಾರು ನಿಜವಾದ ಅಭ್ಯರ್ಥಿ? ಇವಕ್ಕೆಲ್ಲ ಕಾನೂನು ಉತ್ತರ ಕೊಡಬೇಕಾಗಿ ಬಂತು. ಹಾಗೆ ಉತ್ತರ ಕೊಡುತ್ತ ಕೊಡುತ್ತ, ಸಂವಿಧಾನದಲ್ಲಿಲ್ಲದ ಪಕ್ಷ ರಾಜ್ಯಗಳ ಕಾನೂನು ಪುಸ್ತಕಗಳಲ್ಲಿ ಪುಟಗಟ್ಟಲೆ ಜಾಗ ಪಡೆಯಿತು. ಇಂದಿಗೂ ಎರಡು ದೊಡ್ಡ ಪಕ್ಷಗಳ ಹೆಸರು ಮತಪತ್ರದಲ್ಲಿ ತಾನಾಗಿ ಬರುತ್ತದೆ. ಉಳಿದವರು ಅನೇಕ ರಾಜ್ಯಗಳಲ್ಲಿ ಸಹಿ ಸಂಗ್ರಹಿಸುತ್ತ ಅಲೆಯಬೇಕಾಗುತ್ತದೆ.

ಪಕ್ಷದ ಯಜಮಾನರು ಕೋಣೆಯಲ್ಲಿ ಕೂತು ಅಭ್ಯರ್ಥಿಗಳನ್ನು ಆರಿಸುವುದರ ವಿರುದ್ಧ ವಿಸ್ಕಾನ್ಸಿನ್‌ನ ರಾಬರ್ಟ್ ಲಾ ಫೊಲೆಟ್ ನಡೆಸಿದ ಹೋರಾಟದಿಂದ ಅಲ್ಲಿ 1906ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ನೇರ ಪ್ರೈಮರಿ ನಡೆಯಿತು. ಆದರೂ ಅಧ್ಯಕ್ಷ ಅಭ್ಯರ್ಥಿಯ ಆಯ್ಕೆ ಬಹುಕಾಲ ನಾಯಕರ ಕೈಯಲ್ಲೇ ಉಳಿಯಿತು. 1968ರಲ್ಲಿ ಒಂದೇ ಒಂದು ಪ್ರೈಮರಿಯಲ್ಲೂ ನಿಲ್ಲದ ಹ್ಯೂಬರ್ಟ್ ಹಂಫ್ರಿ ಅವರನ್ನು ಶಿಕಾಗೊ ಅಧಿವೇಶನದಲ್ಲಿ ಡೆಮಾಕ್ರಟರು ಅಭ್ಯರ್ಥಿಯಾಗಿ ಆರಿಸಿದಾಗ ಹೊರಗೆ ಬೀದಿಯಲ್ಲಿ ಯುದ್ಧವಿರೋಧಿ ಯುವಕರ ಮೇಲೆ ಪೊಲೀಸರ ಲಾಠಿ ಬೀಸುತ್ತಿತ್ತು. ಅದರ ಮುಂದಿನ ಅಧ್ಯಕ್ಷ ಚುನಾವಣೆಯಿಂದ, ಅಂದರೆ 1972ರಿಂದ, ಆ ಆಯ್ಕೆಯೂ ಬಹುಪಾಲು ಪ್ರೈಮರಿ ಮತದಾರರ ಪಾಲಾಯಿತು.

ಪ್ರೈಮರಿಯ ಬಾಗಿಲು ಎಷ್ಟು ಮುಖ್ಯವೆಂಬುದನ್ನು ಯಾರಿಗಿಂತಲೂ ಚೆನ್ನಾಗಿ ಅರಿತಿದ್ದವರು ದಕ್ಷಿಣ ರಾಜ್ಯಗಳ ಕರಿಯರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಟೆಕ್ಸಾಸ್‌ನಂತಹ ರಾಜ್ಯಗಳಲ್ಲಿ ಡೆಮಾಕ್ರಟಿಕ್ ಪಕ್ಷವಲ್ಲದೆ ಬೇರೆಯವರು ಗೆಲ್ಲುವ ಮಾತೇ ಇರಲಿಲ್ಲವಾದ್ದರಿಂದ ಪ್ರೈಮರಿಯಲ್ಲಿ ಗೆದ್ದವನೇ ಗೆದ್ದವನು. ಕರಿಯರಿಗೆ ಆ ಪ್ರೈಮರಿಯಲ್ಲಿ ಮತವಿಲ್ಲವೆಂದು 1923ರಲ್ಲಿ ಟೆಕ್ಸಾಸ್ ಕಾನೂನು ಮಾಡಿತು. 1927ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಗ ಕಾನೂನು ಹಿಂದೆ ಸರಿದು ಪಕ್ಷ ಮುಂದೆ ಬಂತು: ನಾವು ಖಾಸಗಿ ಸಂಘ, ನಮ್ಮ ಸದಸ್ಯರು ಯಾರಿರಬೇಕೆಂದು ನಾವೇ ನಿರ್ಧರಿಸುತ್ತೇವೆ, ಬಿಳಿಯರಷ್ಟೇ ಸದಸ್ಯರು. ಈ ವಾದವನ್ನು 1935ರಲ್ಲಿ ಅದೇ ಕೋರ್ಟ್ ಒಪ್ಪಿಕೊಂಡಿತು. ಹ್ಯೂಸ್ಟನ್‌ನ ಲಾನಿ ಸ್ಮಿತ್ ಎಂಬ ದಂತವೈದ್ಯರಿಗೆ 1940ರ ಪ್ರೈಮರಿಯಲ್ಲಿ ಮತಪತ್ರ ಕೊಡಲಿಲ್ಲ. ಅವರ ಪರ ವಾದಿಸಿದವರು ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್. 1944ರಲ್ಲಿ ಕೋರ್ಟ್, ಎಂಟು ಮಂದಿ ಒಂದೆಡೆ ಒಬ್ಬರು ಇನ್ನೊಂದೆಡೆಯಾಗಿ, ಸ್ಮಿತ್ ಅವರ ಪರ ತೀರ್ಪು ಕೊಟ್ಟಿತು. ರಾಜ್ಯದ ಚುನಾವಣಾ ವ್ಯವಸ್ಥೆಯ ಒಂದು ಅಂಗವಾಗಿರುವ ಪ್ರೈಮರಿಯಲ್ಲಿ ಖಾಸಗಿ ಸಂಘದ ನೆಪ ಹೂಡಿ ವರ್ಣದ ಆಧಾರದ ಮೇಲೆ ಯಾರನ್ನೂ ಹೊರಗಿಡುವಂತಿಲ್ಲವೆಂಬುದು ಅದರ ಸಾರ. ನನ್ನ ಮೇ ತಿಂಗಳ ಅನುಭವವನ್ನು ಇದರ ಪಕ್ಕದಲ್ಲಿಡುವುದು ತಪ್ಪು. ನಾನು ಒಂದು ಚೌಕಕ್ಕೆ ಗುರುತು ಹಾಕಿದ್ದರೆ ಮತಪತ್ರ ಸಿಗುತ್ತಿತ್ತು; ಡಾ. ಸ್ಮಿತ್ ಅವರಿಗೆ ಅಂಥ ಯಾವ ದಾರಿಯೂ ಇರಲಿಲ್ಲ. ಆದರೆ ಪಕ್ಷವೆಂಬುದು ಖಾಸಗಿಯೋ ಸಾರ್ವಜನಿಕವೋ ಎಂಬ ಪ್ರಶ್ನೆಯನ್ನು ನಾನು ಗಂಭೀರವಾಗಿ ಯೋಚಿಸತೊಡಗಿದ್ದು ಅವರ ಮೊಕದ್ದಮೆಯನ್ನು ಓದಿದ ಮೇಲೆ.

ಸರಕಾರದೊಳಗೆ ಪಕ್ಷ ಹೇಗೆ ಕೆಲಸ ಮಾಡುತ್ತದೆಂಬುದಕ್ಕೂ ಇದೇ ಬಾಗಿಲು ಕೀಲಿ. ಭಾರತದಲ್ಲಿ 1985ರ ಪಕ್ಷಾಂತರ ನಿಷೇಧ ಕಾಯ್ದೆಯ ನಂತರ ವಿಪ್ ಮೀರಿ ಮತ ಹಾಕಿದವರು ತಮ್ಮ ಸ್ಥಾನವನ್ನೇ ಕಳೆದುಕೊಳ್ಳಬಹುದು. ಇಲ್ಲಿ ಅಂಥ ಕಾನೂನಿಲ್ಲ. 2017ರ ಜುಲೈ 28ರ ನಡುರಾತ್ರಿ ಕಳೆದ ಮೇಲೆ, ಒಬಾಮ ಕಾಲದ ಆರೋಗ್ಯ ವಿಮೆ ಕಾಯ್ದೆಯನ್ನು ಕಿತ್ತೊಗೆಯಲು ಸ್ವಪಕ್ಷ ತಂದ ಮಸೂದೆಗೆ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಹೆಬ್ಬೆರಳನ್ನು ಕೆಳಗೆ ತೋರಿಸಿ ಬೇಡವೆಂದರು. ಅವರೊಡನೆ ಇನ್ನಿಬ್ಬರು ರಿಪಬ್ಲಿಕನ್ ಸೆನೆಟರುಗಳೂ ಸೇರಿದ್ದರಿಂದ ಮಸೂದೆ 49–51ರಲ್ಲಿ ಬಿದ್ದುಹೋಯಿತು, ಅವರಲ್ಲಿ ಯಾರ ಸ್ಥಾನವೂ ಹೋಗಲಿಲ್ಲ. ಹಾಗೆಂದು ನಾಯಕರಿಗೆ ಅಧಿಕಾರವಿಲ್ಲವೆಂದು ತಿಳಿಯಬಾರದು. ಯಾವ ಮಸೂದೆ ಚರ್ಚೆಗೆ ಬರಬೇಕು, ಯಾವುದು ಬರಬಾರದು ಎಂಬುದನ್ನು ಹೌಸ್‌ನಲ್ಲಿ ಸ್ಪೀಕರ್, ಸೆನೆಟ್‌ನಲ್ಲಿ ಬಹುಮತದ ನಾಯಕ ತೀರ್ಮಾನಿಸುತ್ತಾರೆ. ನಮ್ಮ ಸಭಾಧ್ಯಕ್ಷರಿಂದ ನಿರೀಕ್ಷಿಸುವ ತಟಸ್ಥತೆಯನ್ನು ಇಲ್ಲಿನ ಸ್ಪೀಕರ್‌ರಿಂದ ಯಾರೂ ನಿರೀಕ್ಷಿಸುವುದಿಲ್ಲ. ಅವರು ಬಹುಮತದ ಪಕ್ಷದ ಮುಂದಾಳು. ಬಹುಮತದ ನಾಯಕ ಎಂಬ ಹುದ್ದೆಯಂತೂ ಸಂವಿಧಾನದಲ್ಲೇ ಇಲ್ಲ. ಆ ಹುದ್ದೆಯಲ್ಲಿದ್ದ ಮಿಚ್ ಮೆಕಾನೆಲ್, 2016ರ ಮಾರ್ಚಿನಲ್ಲಿ ಒಬಾಮ ಅವರು ಸುಪ್ರೀಂ ಕೋರ್ಟಿಗೆ ಹೆಸರಿಸಿದ ಮೆರಿಕ್ ಗಾರ್ಲಂಡ್ ಅವರಿಗೆ ಒಂದು ವಿಚಾರಣೆಯನ್ನೂ ನಡೆಸದೆ ವರ್ಷ ಮುಗಿಸಿದರು.

ವಿಪ್‌ಗೆ ಕಾನೂನಿನ ಬಲವಿಲ್ಲದ ಕಡೆ ಶಿಸ್ತು ಎಲ್ಲಿಂದ ಬರುತ್ತದೆ? ಪ್ರೈಮರಿಯಿಂದ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. 2021ರ ಜನವರಿ 13ರಂದು ಹೌಸ್‌ನಲ್ಲಿ ಹತ್ತು ಮಂದಿ ರಿಪಬ್ಲಿಕನ್ ಸದಸ್ಯರು ತಮ್ಮದೇ ಪಕ್ಷದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಮಹಾಭಿಯೋಗದ ಪರ ಮತ ಹಾಕಿದರು. ಮುಂದಿನ ಚುನಾವಣೆ ಬಂದಾಗ ಅವರಲ್ಲಿ ನಾಲ್ವರು ಸ್ಪರ್ಧಿಸಲೇ ಇಲ್ಲ, ನಾಲ್ವರು ಪ್ರೈಮರಿಯಲ್ಲೇ ಸೋತರು, ಇಬ್ಬರು ಮಾತ್ರ ಮರಳಿ ಬಂದರು. ಪಕ್ಷದ ನಾಯಕಿಯರಲ್ಲಿ ಒಬ್ಬರಾಗಿದ್ದ ಲಿಜ್ ಚೇನಿ ವಯೋಮಿಂಗ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಶೇಕಡಾಂಶಗಳ ಅಂತರದಿಂದ ಸೋತರು. ಗೆದ್ದು ಬಂದ ಇಬ್ಬರೂ ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳವರು. ಆ ರಾಜ್ಯಗಳಲ್ಲಿ ಎಲ್ಲ ಪಕ್ಷಗಳವರೂ ಒಂದೇ ಪ್ರೈಮರಿಯಲ್ಲಿ ನಿಂತು, ಎಲ್ಲ ಮತದಾರರೂ ಮತ ಹಾಕಿ, ಮೊದಲ ಇಬ್ಬರು ನವೆಂಬರಿಗೆ ಹೋಗುವ ಪದ್ಧತಿಯಿದೆ. ಸೋತ ನಾಲ್ವರಲ್ಲಿ ಒಬ್ಬರು ವಾಷಿಂಗ್ಟನ್ ರಾಜ್ಯದವರೇ ಎಂಬುದನ್ನೂ ಹೇಳಬೇಕು. ಪದ್ಧತಿ ಬದಲಾದ ಮಾತ್ರಕ್ಕೆ ಎಲ್ಲರಿಗೂ ರಕ್ಷಣೆ ಸಿಗುವುದಿಲ್ಲ. ಆದರೂ ಬಾಗಿಲು ಅಗಲವಿದ್ದ ಕಡೆಯೇ ಇಬ್ಬರೂ ಉಳಿದರೆಂಬುದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ.

ಕ್ಷೇತ್ರಗಳ ಗಡಿ ಗೀಚುವ ಅಧಿಕಾರ ಅನೇಕ ರಾಜ್ಯಗಳಲ್ಲಿ ಶಾಸಕರ ಕೈಯಲ್ಲೇ ಇರುವುದರಿಂದ ಈ ಕಷ್ಟ ಇನ್ನೂ ಹೆಚ್ಚುತ್ತದೆ. 2012ರಲ್ಲಿ ಪೆನ್ಸಿಲ್ವೇನಿಯಾದ ಹೌಸ್ ಚುನಾವಣೆಗಳಲ್ಲಿ ಡೆಮಾಕ್ರಟರು ಒಟ್ಟಾರೆ ಸ್ವಲ್ಪ ಹೆಚ್ಚು ಮತ ಪಡೆದರೂ 18ರಲ್ಲಿ 5 ಸ್ಥಾನಗಳಷ್ಟೇ ಅವರಿಗೆ ದಕ್ಕಿದವು. ನಮ್ಮ ಭಾಗದ ಏಳನೆಯ ಕ್ಷೇತ್ರದ ನಕ್ಷೆ ಎಷ್ಟು ಅಂಕುಡೊಂಕಾಗಿತ್ತೆಂದರೆ, ಗೂಫಿ ಎಂಬ ಕಾರ್ಟೂನ್ ನಾಯಿ ಡೊನಾಲ್ಡ್ ಡಕ್‌ಗೆ ಒದೆಯುತ್ತಿರುವ ಹಾಗಿದೆಯೆಂದು ಪತ್ರಿಕೆಗಳು ಬರೆಯುತ್ತಿದ್ದವು. 2018ರ ಜನವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ನಕ್ಷೆಯನ್ನು ರದ್ದು ಮಾಡಿತು, ಆ ವರ್ಷದ ನವೆಂಬರಿನಲ್ಲಿ ಫಲಿತಾಂಶ 9–9 ಆಯಿತು. ಹೀಗೆ ಒಂದು ಪಕ್ಷಕ್ಕೇ ಮೀಸಲಾದಂತಿರುವ ಕ್ಷೇತ್ರಗಳಲ್ಲಿ ಪ್ರೈಮರಿಯೇ ನಿಜವಾದ ಚುನಾವಣೆ. ಎರಡು ಪಕ್ಷಗಳ ಹೊರಗಿನವರ ದಾರಿಯೂ ಸುಗಮವಲ್ಲ: 1992ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷೇತರರಾಗಿ ನಿಂತ ರಾಸ್ ಪೆರೋ ದೇಶದಾದ್ಯಂತ ಸುಮಾರು ಶೇಕಡ 19 ಮತ ಗಳಿಸಿದರೂ ಒಂದೇ ಒಂದು ಚುನಾಯಕ ಮತವೂ ಅವರಿಗೆ ಸಿಗಲಿಲ್ಲ.

ಪೆನ್ಸಿಲ್ವೇನಿಯಾದಲ್ಲಿ ಎರಡೂ ದೊಡ್ಡ ಪಕ್ಷಗಳಿಗೆ ಸೇರದ ಮತದಾರರು ಹತ್ತು ಲಕ್ಷಕ್ಕೂ ಹೆಚ್ಚಿದ್ದಾರೆ. ಡೆಲವೇರ್ ನದಿ ದಾಟಿ ನ್ಯೂಜೆರ್ಸಿಗೆ ಹೋದರೆ, ಪಕ್ಷವಿಲ್ಲದ ಮತದಾರ ಪ್ರೈಮರಿಯ ದಿನ ಮತಗಟ್ಟೆಯಲ್ಲೇ ಒಂದು ಪಕ್ಷವನ್ನು ಆರಿಸಿ ಮತಪತ್ರ ಪಡೆಯಬಹುದು. ಮಿಷಿಗನ್‌ನಲ್ಲಿ ನೋಂದಣಿಯಲ್ಲಿ ಪಕ್ಷದ ಪ್ರಶ್ನೆಯೇ ಇಲ್ಲ. ಒಂದೇ ಮತಪತ್ರದಲ್ಲಿ ಎರಡೂ ಪಕ್ಷಗಳ ಸಾಲುಗಳಿದ್ದು, ಮತದಾರ ಒಂದೇ ಸಾಲಿಗೆ ಅಂಟಿಕೊಂಡರೆ ಸಾಕು. ನಮ್ಮ ಅಭ್ಯರ್ಥಿಯನ್ನು ನಮ್ಮವರೇ ಆರಿಸಬೇಕೆಂಬ ಪಕ್ಷಗಳ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಯಾರು ಬೇಕಾದರೂ ಹುದ್ದೆಯಿಂದ ಹುದ್ದೆಗೆ ಪಕ್ಷ ಬದಲಿಸುತ್ತ ಮತ ಹಾಕುವ ಕ್ಯಾಲಿಫೋರ್ನಿಯಾದ ಹಿಂದಿನ ಪದ್ಧತಿಯನ್ನು 2000ದಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ರದ್ದು ಮಾಡಿತು. ಆದರೆ ಮತಗಟ್ಟೆಯ ಖರ್ಚು ಹತ್ತು ಲಕ್ಷ ಜನರ ತೆರಿಗೆಯಿಂದಲೂ ಬರುವಾಗ, ಅವರಿಗೆ ಆ ದಿನ ಒಂದು ಪಕ್ಷದ ಮತಪತ್ರವನ್ನಾದರೂ ಆರಿಸಿಕೊಳ್ಳುವ ಅವಕಾಶ ಕೊಡುವುದು ನ್ಯಾಯವೆಂದು ನನಗನಿಸುತ್ತದೆ. ಕಾನೂನು ಬದಲಾಗುವವರೆಗೆ, ಹೊಸದಾಗಿ ಪೌರರಾದ ಕನ್ನಡಿಗ ಸ್ನೇಹಿತರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ರಾಜ್ಯದ ನಿಯಮ ತಿಳಿದುಕೊಳ್ಳಿ, ಇಂಥ ರಾಜ್ಯದಲ್ಲಿದ್ದರೆ ಆ ಕಾಲಂ ಖಾಲಿ ಬಿಡಬೇಡಿ. ಒಂದು ಪಕ್ಷವನ್ನು ಗುರುತು ಮಾಡಿದರೆ ನವೆಂಬರಿನಲ್ಲಿ ಅದಕ್ಕೇ ಮತ ಹಾಕಬೇಕೆಂಬ ಕಟ್ಟುಪಾಡಿಲ್ಲ.

ನಾನು ಆ ವರ್ಷವೇ ಗುರುತು ಬದಲಿಸಿದೆ. ಅಷ್ಟಕ್ಕೆ ನಿಲ್ಲದೆ ಮತಗಟ್ಟೆಯ ಕೆಲಸಕ್ಕೂ ಹೆಸರು ಕೊಟ್ಟೆ. ನಮ್ಮ ರಾಜ್ಯದಲ್ಲಿ ಪ್ರತಿ ಮತಗಟ್ಟೆಗೂ ಜನರೇ ಆರಿಸಿದ ಒಬ್ಬ ಮುಖ್ಯಾಧಿಕಾರಿ, ಒಬ್ಬ ಬಹುಮತದ ಇನ್‌ಸ್ಪೆಕ್ಟರ್, ಒಬ್ಬ ಅಲ್ಪಮತದ ಇನ್‌ಸ್ಪೆಕ್ಟರ್ ಇರುತ್ತಾರೆ. ಹೆಚ್ಚು ಮತ ಪಡೆದವರು ಬಹುಮತದವರು, ಎರಡನೆಯವರು ಅಲ್ಪಮತದವರು. ಹೀಗಾಗಿ ಸಾಮಾನ್ಯವಾಗಿ ಎರಡೂ ಪಕ್ಷಗಳವರು ಒಂದೇ ಮೇಜಿನಲ್ಲಿ ಕೂರುತ್ತಾರೆ. ನಾನು ಗುಮಾಸ್ತನಾಗಿ ಕುಳಿತ ಮೊದಲ ಚುನಾವಣೆಯ ರಾತ್ರಿ, ಎಂಟು ಗಂಟೆಗೆ ಬಾಗಿಲು ಹಾಕಿದ ಮೇಲೆ, ಮತ ಹಾಕಿದವರ ಪಟ್ಟಿಯ ಸಂಖ್ಯೆಗೂ ಯಂತ್ರ ತೋರಿಸಿದ ಸಂಖ್ಯೆಗೂ ಒಂದರ ವ್ಯತ್ಯಾಸ ಬಂತು. ಇಬ್ಬರು ಇನ್‌ಸ್ಪೆಕ್ಟರುಗಳೂ ಬೆಳಿಗ್ಗೆ ಐದೂವರೆಗೆ ಎದ್ದು ಬಂದವರು, ಇಬ್ಬರ ಮನೆಯಂಗಳದಲ್ಲೂ ಎದುರು ಪಕ್ಷಗಳ ಫಲಕಗಳು. ಒಬ್ಬರು ಹೆಸರು ಓದುತ್ತ ಹೋದರು, ಇನ್ನೊಬ್ಬರು ಪೆನ್ಸಿಲಿನಿಂದ ಗುರುತು ಹಾಕುತ್ತ ಬಂದರು. ಮುಕ್ಕಾಲು ಗಂಟೆಯ ನಂತರ ಒಂದೇ ಹೆಸರನ್ನು ನಾನು ಎರಡು ಸಾಲಿನಲ್ಲಿ ಬರೆದದ್ದು ಸಿಕ್ಕಿತು. ಲೆಕ್ಕ ಕೂಡಿತು. ಇಬ್ಬರೂ ಫಲಿತಾಂಶದ ಉದ್ದನೆಯ ಕಾಗದದ ಕೊನೆಯಲ್ಲಿ ಒಬ್ಬರ ಕೆಳಗೊಬ್ಬರು ಸಹಿ ಹಾಕಿದರು, ಅದರ ಒಂದು ಪ್ರತಿಯನ್ನು ನಾನು ಚರ್ಚಿನ ಬಾಗಿಲಿಗೆ ಅಂಟಿಸಿ ಬಂದೆ.